ಬಾರೆ ಗಿಡದ ತೊಂದರೆ ಹುಡುಕುವುದು ಹೇಗೆ? ಬುಡದಿಂದ ಶುರು ಮಾಡಿ

ವಿಜಯಪುರ, ಇಂಡಿ, ತಿಕೋಟಾ, ಸಿಂದಗಿ ಕಡೆ ಬಾರೆ (ಬೋರೆ, ಎಲಚಿ) ಹಾಕಿದವರ ದೂರು ಹೆಚ್ಚುಕಡಿಮೆ ಮೂರೇ. ಗಿಡ ದಂಡಿಯಾಗಿ ಬೆಳೆದಿದೆ, ಕಾಯಿ ಇಲ್ಲ. ಹೂವು ತುಂಬ ಬಿಟ್ಟಿತ್ತು, ಎಲ್ಲ ಉದುರಿತು. ಕಾಯಿ ಬಂತು, ಒಡೆದರೆ ಒಳಗೆ ಹುಳ. ಮೂರಕ್ಕೂ ನಾವು ಮಾಡುವ ಕೆಲಸ ಮಾತ್ರ ಒಂದೇ. ಸೀದಾ ಔಷಧದ ಅಂಗಡಿಗೆ ಹೋಗಿ, ಅವರು ಕೊಟ್ಟ ಡಬ್ಬಿ ತಂದು ಹೊಡೆಯುತ್ತೇವೆ. ದುಡ್ಡು ಹೋಗುತ್ತದೆ, ಗಿಡ ಇದ್ದ ಹಾಗೇ ಇರುತ್ತದೆ.

ಬಾರೆಯ ತೊಂದರೆಗಳಲ್ಲಿ ಬಹಳಷ್ಟು ರೋಗವೇ ಅಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಲವು ಆ ಗಿಡದ ಹುಟ್ಟುಗುಣ. ಇನ್ನು ಕೆಲವು ನಾವು ಅದನ್ನು ದ್ರಾಕ್ಷಿಯ ಹಾಗೆ, ದಾಳಿಂಬೆಯ ಹಾಗೆ ನೋಡಿಕೊಂಡಿದ್ದರ ಫಲ. ಅದಕ್ಕೇ ಡಬ್ಬಿ ಕೊಳ್ಳುವ ಮೊದಲು ಗಿಡವನ್ನು ಒಂದು ಕ್ರಮದಲ್ಲಿ ನೋಡಬೇಕು. ಮೊದಲು ಬುಡ, ಆಮೇಲೆ ಕೊಂಬೆ, ಆಮೇಲೆ ಹೂವು, ಕೊನೆಗೆ ಎಲೆ ಮತ್ತು ಕಾಯಿ. ಈ ಬರಹವೂ ಅದೇ ಕ್ರಮದಲ್ಲಿದೆ. ಬೇಕಾಗುವ ಸಾಮಾನು ಒಂದು ಚಾಕು, ಮಣ್ಣು ಕೆದರಲು ಒಂದು ಕುರ್ಚಿಗೆ, ಸಿಕ್ಕರೆ ಒಂದು ಭೂತಗನ್ನಡಿ. ಅಷ್ಟೇ.

ಗಿಡದ ಗುಣ ಮೊದಲು ತಿಳಿದುಕೊಳ್ಳಿ

ನಮ್ಮ ಹೊಲದಲ್ಲಿ ಹಾಕುವ ಬಾರೆಯ ಸಸ್ಯಶಾಸ್ತ್ರೀಯ ಹೆಸರು ಜಿಜಿಫಸ್ ಮೌರಿಶಿಯಾನಾ. ರಾಜಸ್ಥಾನದ ಮರಳುಗಾಡಿನಲ್ಲಿ ಪೊದೆಯಾಗಿ ಹರಡುವ ಸಣ್ಣ ಬಾರೆ ಇದರ ಹತ್ತಿರದ ನೆಂಟ, ಅದು ಜಿಜಿಫಸ್ ನುಮ್ಯುಲೇರಿಯಾ. ಅಲ್ಲಿ ಅದರ ಎಲೆ ಒಣಗಿಸಿ ಆಡು, ಕುರಿ, ಒಂಟೆಗೆ ಮೇವು ಮಾಡುತ್ತಾರೆ, ಮುಳ್ಳಿನ ಕೊಂಬೆ ಬೇಲಿಗೆ ಹೋಗುತ್ತದೆ. ಎರಡೂ ಬರವನ್ನು ತಡೆಯಲೆಂದೇ ಹುಟ್ಟಿದ ಗಿಡಗಳು. ತಾಯಿಬೇರು ಸೀದಾ ಆಳಕ್ಕೆ ಇಳಿಯುತ್ತದೆ. ಬೇಸಿಗೆ ಜೋರಾದಾಗ ಗಿಡ ಎಲೆಯನ್ನೆಲ್ಲ ಉದುರಿಸಿ ಸುಮ್ನೆ ನಿಂತುಬಿಡುತ್ತದೆ. ಮಳೆ ಬಿದ್ದ ಮೇಲೆ ಹೊಸ ಚಿಗುರು, ಆ ಚಿಗುರಿನ ಮೇಲೇ ಹೂವು, ಚಳಿಗಾಲಕ್ಕೆ ಹಣ್ಣು. ಸಂಕ್ರಾಂತಿ ಹೊತ್ತಿಗೆ ಕಬ್ಬಿನ ತುಂಡಿನ ಜೊತೆ ಮಕ್ಕಳ ತಲೆ ಮೇಲೆ ಸುರಿಯಲು ಬಾರೆಹಣ್ಣು ತಪ್ಪದೆ ಸಿಗುವುದು ಇದೇ ಲೆಕ್ಕದಿಂದ.

ವಿಜಯಪುರ ಜಿಲ್ಲೆಯಲ್ಲಿ ಮಳೆ ಕಡಿಮೆ, ಅದರಲ್ಲೂ ಜಾಸ್ತಿ ಬೀಳುವುದು ಸೆಪ್ಟೆಂಬರಿನ ಆಚೀಚೆ. ಡೋಣಿ ನದಿಯ ದಂಡೆಯ ಕೆಲವು ಕಡೆ ನೀರೂ ಉಪ್ಪು. ಇಂಥ ನೆಲಕ್ಕೆ ಬಾರೆಯಷ್ಟು ಹೊಂದುವ ಹಣ್ಣಿನ ಗಿಡ ಕಡಿಮೆ. ಉಪ್ಪನ್ನೂ ಸಾಕಷ್ಟು ತಡೆಯುತ್ತದೆ. ಎರೆ ಭೂಮಿಯಾಗಲಿ, ಮಸಾರಿಯಾಗಲಿ, ಕಲ್ಲು ಮಡ್ಡಿಯಾಗಲಿ ಬದುಕುತ್ತದೆ. ಹಾಗಾಗಿ ಬಾರೆ ಕೈಕೊಟ್ಟಾಗ ಮಣ್ಣಿನ ಮೇಲೆ ತಪ್ಪು ಹಾಕುವ ಮೊದಲು ಬೇರೆ ಕಾರಣ ಹುಡುಕಿ.

ಮುಳ್ಳು ಜಾಸ್ತಿ, ಎಲೆ ಸಣ್ಣ, ಹಣ್ಣು ಹುಳಿ

‘ಸರ, ಆ್ಯಪಲ್ ಬಾರೆ ಅಂತ ಹೇಳಿ ಕೊಟ್ಟಾರ್ರಿ, ಈಗ ನೋಡಿದ್ರ ಬರೀ ಮುಳ್ಳು’ ಎಂದು ಹೇಳುವವರು ಬಹಳ ಜನ. ಆ್ಯಪಲ್ ಬಾರೆ ಎಂದರೆ ದೊಡ್ಡ ಹಣ್ಣಿನ, ಮುಳ್ಳು ಕಡಿಮೆಯ ತಳಿ. ನರ್ಸರಿಯವರು ಮೋಸ ಮಾಡಿದರು ಎಂದೇ ಎಲ್ಲರ ಮೊದಲ ಅನುಮಾನ. ಮೋಸ ಇದ್ದರೂ ಇರಬಹುದು. ಆದರೆ ಮೊದಲು ಬುಡದ ಮಣ್ಣು ಕೆದರಿ ನೋಡಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ನಾವು ತರುವ ಬಾರೆ ಸಸಿ ಎರಡು ಗಿಡ ಸೇರಿ ಆದದ್ದು. ಕೆಳಗಿನದು ಕಾಡುಬಾರೆ, ಬೀಜದಿಂದ ಹುಟ್ಟಿದ್ದು. ಅದರ ಬೇರು ಗಟ್ಟಿ, ಅದಕ್ಕೇ ಅದು ಬೇಕು. ಮೇಲಿನದು ಕಣ್ಣು ಕಸಿ ಮಾಡಿದ, ಅಂದರೆ ಬೇರೆ ಮರದ ಚಿಗುರೊಡೆಯುವ ಮೊಗ್ಗು (ಕಣ್ಣು) ಕೂಡಿಸಿ ಬೆಳೆಸಿದ ಒಳ್ಳೆಯ ತಳಿ. ಎರಡೂ ಕೂಡಿದ ಜಾಗ ನೆಲದಿಂದ ಒಂದು ಗೇಣಿನ ಒಳಗೇ ಇರುತ್ತದೆ. ಅಲ್ಲಿ ಕಾಂಡ ಸ್ವಲ್ಪ ಉಬ್ಬಿರುತ್ತದೆ, ಇಲ್ಲವೇ ಸಣ್ಣಗೆ ಸೊಟ್ಟಗಾಗಿರುತ್ತದೆ. ಉಬ್ಬಿನ ಮೇಲಿನ ತೊಗಟೆಗೂ ಕೆಳಗಿನದಕ್ಕೂ ಬಣ್ಣದಲ್ಲಿ, ಒರಟುತನದಲ್ಲಿ ವ್ಯತ್ಯಾಸ ಕಾಣುತ್ತದೆ. ಆ ಉಬ್ಬಿನ ಕೆಳಗಿನಿಂದ ಬಂದ ಪ್ರತಿ ಚಿಗುರೂ ಕಾಡುಬಾರೆಯದ್ದೇ.

ಇದನ್ನು ಮುಳ್ಳಿನಲ್ಲೂ ಪತ್ತೆ ಹಚ್ಚಬಹುದು. ಒಂದು ಚಿಗುರು ಹಿಡಿದು ಎಲೆಯ ತೊಟ್ಟಿನ ಬುಡ ನೋಡಿ. ಅನೇಕ ಗಿಡಗಳಲ್ಲಿ ಅಲ್ಲಿ ಎರಡು ಪುಟಾಣಿ ಎಲೆಯಂಥ ಕುಡಿ ಇರುತ್ತವೆ. ಬಾರೆಯಲ್ಲಿ ಅವೇ ಮುಳ್ಳಾಗಿವೆ. ಕಾಡುಬಾರೆಯಲ್ಲಿ ಈ ಜೋಡಿ ಎದ್ದು ಕಾಣುತ್ತದೆ. ಒಂದು ಮುಳ್ಳು ನೆಟ್ಟಗೆ ಉದ್ದವಾಗಿ ಚಾಚಿರುತ್ತದೆ, ಇನ್ನೊಂದು ಗಿಡ್ಡ, ಹಿಂದಕ್ಕೆ ಕೊಕ್ಕೆಯಂತೆ ಬಾಗಿರುತ್ತದೆ. ನೆಟ್ಟಗಿನದು ಚುಚ್ಚುತ್ತದೆ, ಕೊಕ್ಕೆ ಹಿಡಿದುಕೊಳ್ಳುತ್ತದೆ. ಬಾರೆ ಪೊದೆಗೆ ಕೈ ಹಾಕಿ ಹಿಂದಕ್ಕೆ ಎಳೆದುಕೊಂಡವರಿಗೆ ಎರಡೂ ಗೊತ್ತು. ಆ್ಯಪಲ್ ಬಾರೆಯಲ್ಲಿ ಮುಳ್ಳು ಬಹಳ ಕಡಿಮೆ, ಬೆಳೆದ ಕೊಂಬೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಒಂದೇ ಬುಡದಲ್ಲಿ ಒಂದು ಕಡೆ ಅಗಲ ಎಲೆಯ ಮುಳ್ಳಿಲ್ಲದ ಕೊಂಬೆ, ಇನ್ನೊಂದು ಕಡೆ ರೂಪಾಯಿ ನಾಣ್ಯದಷ್ಟು ಎಲೆಯ ಜೋಡಿಮುಳ್ಳಿನ ಕೊಂಬೆ ಕಂಡರೆ ಅನುಮಾನವೇ ಬೇಡ. ಕೆಳಗಿನ ಗಿಡ ಎದ್ದು ಬಂದಿದೆ.

ಹೀಗಾಗಲು ನಮ್ಮ ಕಡೆ ಮೂರು ಕಾರಣ. ಒಂದು, ಆಡು. ಬಾರೆ ಎಲೆ ಆಡಿಗೆ ಪ್ರಾಣ. ಮೊದಲ ವರ್ಷ ಮೇಲಿನ ಚಿಗುರು ತಿಂದು ಹೋದರೆ ಕೆಳಗಿನದು ಜೋರಾಗುತ್ತದೆ. ಎರಡು, ನೆಡುವಾಗ ಕಸಿ ಉಬ್ಬನ್ನು ಮಣ್ಣಲ್ಲಿ ಮುಚ್ಚಿಬಿಡುವುದು. ಆಮೇಲೆ ಯಾವುದು ಎಲ್ಲಿಂದ ಬಂತು ಎಂದು ತಿಳಿಯುವುದೇ ಇಲ್ಲ. ಮೂರನೆಯದು ಚಾಟ್ನಿ, ಅಂದರೆ ಕೊಂಬೆ ಸವರುವುದು. ಆ್ಯಪಲ್ ಬಾರೆಯನ್ನು ಪ್ರತಿ ವರ್ಷ ಮೋಟು ಮಾಡುತ್ತಾರಲ್ವಾ, ಕೂಲಿಯವರು ಅವಸರದಲ್ಲಿ ಉಬ್ಬಿನ ಕೆಳಗೇ ಕತ್ತರಿಸಿದರೆ ಒಳ್ಳೆಯ ತಳಿ ಅವತ್ತೇ ಮುಗಿಯಿತು. ಚಾಟ್ನಿಗೆ ಮುಂಚೆ ಪ್ರತಿ ಗಿಡದ ಉಬ್ಬಿನ ಮೇಲೆ ಸುಣ್ಣದ ಒಂದು ಪಟ್ಟಿ ಬಳಿದಿಟ್ಟರೆ ಈ ಅನಾಹುತ ತಪ್ಪುತ್ತದೆ. ಇಷ್ಟು ಅಗ್ಗದ ವಿಮೆ ಬೇರೆ ಇಲ್ಲ.

ಮೇಲಿನ ತಳಿ ಇನ್ನೂ ಜೀವಂತ ಇದ್ದರೆ ಕೆಲಸ ಸುಲಭ. ಕೆಳಗಿನ ಚಿಗುರನ್ನು ನೆಲದ ಮಟ್ಟಕ್ಕೆ ಕೊಯ್ಯಬೇಡಿ, ಅದು ಮತ್ತೆ ಕವಲೊಡೆದು ಬರುತ್ತದೆ. ಮಣ್ಣು ಬಿಡಿಸಿ, ಚಿಗುರು ಕಾಂಡದಿಂದ ಹುಟ್ಟಿದ ಜಾಗ ಹುಡುಕಿ, ಅಲ್ಲೇ ಬುಡಸಮೇತ ತೆಗೆಯಿರಿ. ಎಳೆಯದಿದ್ದಾಗ ಕೈಯಿಂದ ಕೆಳಮುಖ ಎಳೆದರೂ ಕಿತ್ತು ಬರುತ್ತದೆ. ಮಳೆಗಾಲದಲ್ಲಿ ಆಗಾಗ ಸುತ್ತು ಹಾಕಿ ಇದನ್ನೇ ಮಾಡುತ್ತಿರಬೇಕು.

ಮೇಲಿನದು ಸತ್ತೇ ಹೋಗಿದ್ದರೆ ಗಿಡ ಕೀಳಲು ಹೋಗಬೇಡಿ. ನೆಲದೊಳಗೆ ಇಳಿದ ಆ ಬೇರು ಹೊಸ ಸಸಿಯಿಂದ ಇಷ್ಟು ಬೇಗ ಸಿಗುವುದಿಲ್ಲ. ಏಪ್ರಿಲ್‌–ಮೇ ಹೊತ್ತಿಗೆ ಕಾಡುಬಾರೆಯನ್ನು ಮೋಟು ಮಾಡಿ. ಬರುವ ಚಿಗುರುಗಳಲ್ಲಿ ನೆಟ್ಟಗಿನ ಒಂದೆರಡು ಉಳಿಸಿ, ಉಳಿದದ್ದು ತೆಗೆಯಿರಿ. ಮಳೆ ಹಿಡಿದ ಮೇಲೆ, ಚಿಗುರು ಪೆನ್ಸಿಲ್ ದಪ್ಪ ಆದಾಗ, ಅದರ ಮೇಲೆ ಮತ್ತೆ ಕಣ್ಣು ಕಸಿ ಮಾಡಿಸಿ. ಸಮಯ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ತೊಗಟೆಗೆ ಚಾಕುವಿನಿಂದ ‘ಟಿ’ ಆಕಾರದ ಗೀರು ಹಾಕಿ ತುದಿಯಿಂದ ಎಬ್ಬಿಸಿ. ಸಲೀಸಾಗಿ ಬಿಟ್ಟುಕೊಂಡು ಒಳಗೆ ಒದ್ದೆ ಹೊಳಪು ಕಂಡರೆ ರಸ ಏರಿದೆ, ಕಸಿ ಹಿಡಿಯುತ್ತದೆ. ಹರಿದು ಹರಿದು ಬಂದರೆ ಇನ್ನೂ ಸ್ವಲ್ಪ ದಿನ ಕಾಯಿರಿ. ಕಣ್ಣನ್ನು ನೀವೇ ಹಣ್ಣು ತಿಂದು ನೋಡಿದ ಮರದಿಂದ ತನ್ನಿ. ಉಬ್ಬಿದ ಕಣ್ಣಿರಬೇಕು, ಒಡೆದದ್ದಲ್ಲ. ಅದನ್ನು ಗೀರಿನೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕಣ್ಣಷ್ಟೇ ಹೊರಗೆ ಬಿಟ್ಟು ಬಿಗಿಯಾಗಿ ಸುತ್ತಬೇಕು. ಕಣ್ಣು ಚಿಗುರಿ ಗಟ್ಟಿಯಾದ ಮೇಲೆ ಅದರ ಮೇಲಿನ ಕಾಡು ಕೊಂಬೆ ಕತ್ತರಿಸಿ. ಬದುವಿನ ಮೇಲೆ ತಾನೇ ಹುಟ್ಟಿದ ಜವಾರಿ ಬಾರೆಯನ್ನೂ ಹೀಗೇ ಒಳ್ಳೆಯ ತಳಿ ಮಾಡಿಕೊಳ್ಳಬಹುದು.

ಒಂದು ಎಚ್ಚರಿಕೆ. ಕಸಿ ಉಬ್ಬಿನ ಮೇಲಿನ ಒಳ್ಳೆಯ ಕೊಂಬೆಯಲ್ಲೇ ಎಲೆ ತೀರಾ ಸಣ್ಣದಾಗಿ, ಗಣ್ಣು ಒತ್ತೊತ್ತಾಗಿ, ಕೊಂಬೆಯ ತುದಿ ಕಸಬರಿಗೆಯಂತೆ ಗುಂಪುಗಟ್ಟಿದ್ದರೆ ಅದು ಕಾಡು ಚಿಗುರಲ್ಲ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ. ಅಂಥ ಗಿಡದಿಂದ ಕಸಿಗೆ ಕಣ್ಣು ತರಲೇಬಾರದು. ಗಿಡ ಕಿತ್ತು ಹಾಕುವುದೇ ಸರಿ.

ಗಿಡ ದೊಡ್ಡದು, ಹೂವೇ ಕಡಿಮೆ

ಬುಡ ಸರಿ ಇದೆ. ಈಗ ಒಂದು ಕೊಂಬೆ ಹಿಡಿದು ತುದಿಯಿಂದ ಹಿಂದಕ್ಕೆ ನೋಡುತ್ತ ಬನ್ನಿ. ತುದಿಯಲ್ಲಿ ಹಸಿರು, ಬಳುಕುವ ಭಾಗ. ಅದರ ಹಿಂದೆ ಬೂದು ಬಣ್ಣದ, ಗಟ್ಟಿಯಾದ ಹಳೆಯ ಭಾಗ. ಬಾರೆ ಹೂವು ಬಿಡುವುದು ಈ ವರ್ಷದ ಚಿಗುರಿನ ಎಲೆಗಂಕುಳಲ್ಲಿ. ಹಳೆಯ ಕೊಂಬೆ ಬರೀ ಹೊರುವ ಕೆಲಸ ಮಾಡುತ್ತದೆ. ಹಾಗಾಗಿ ಹಸಿರು ಭಾಗ ಗೇಣುದ್ದವೇ ಇದ್ದರೆ ನಿಮ್ಮ ಫಸಲೂ ಅಷ್ಟೇ, ಅದೂ ಕೈಗೆ ಸಿಗದ ತುದಿಯಲ್ಲಿ. ಗಿಡ ಹದಿನೈದು ಅಡಿ ಎತ್ತರ ಇದ್ದು ಏನು ಪ್ರಯೋಜನ?

ಪರಿಹಾರ ಚಾಟ್ನಿ. ದ್ರಾಕ್ಷಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ, ಬಾರೆಗೆ ಒಂದೇ ಸಲ. ಸಮಯವೂ ಗಿಡವೇ ಹೇಳುತ್ತದೆ. ಹಣ್ಣು ಮುಗಿದು, ಎಲೆ ಉದುರಿ, ಗಿಡ ನಿದ್ದೆಗೆ ಹೋದಾಗ ಕತ್ತರಿ ಹಾಕಬೇಕು. ನಮ್ಮ ಬಿಸಿಲಿಗೆ ಅದು ಏಪ್ರಿಲ್ಲಿನಿಂದ ಮೇ ತಿಂಗಳ ಮಧ್ಯದವರೆಗೆ. ಉಮ್ರಾನ್, ಗೋಲಾದಂಥ ಹಳೆಯ ತಳಿಗಳಲ್ಲಿ ಮುಖ್ಯ ಕೊಂಬೆಗಳ ಚೌಕಟ್ಟು ಉಳಿಸಿ ಹೋದ ವರ್ಷದ ಕವಲುಗಳನ್ನು ಮೊಟಕು ಮಾಡುತ್ತಾರೆ. ಆ್ಯಪಲ್ ಬಾರೆಯನ್ನು ಇನ್ನೂ ಬಲವಾಗಿ ಕತ್ತರಿಸುವ ರೂಢಿ. ಒಣಗಿದ್ದು, ಒಂದರ ಮೇಲೊಂದು ಬಿದ್ದದ್ದು, ನೆಲ ಮುಟ್ಟುವುದು ಎಲ್ಲ ಹೋಗಬೇಕು. ಕತ್ತರಿಸಿದ ದಪ್ಪ ಕೊಂಬೆಯ ಬಾಯಿಗೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಲೇಪ) ಹಚ್ಚಿ. ಮುಳ್ಳಿನ ಕೊಂಬೆ ಬೇಲಿಗೆ ಆಗುತ್ತದೆ, ಆದರೆ ಹುಳ ಹತ್ತಿದ ಹಳೆ ಕಾಯಿ ಅದರಲ್ಲಿ ನೇತಾಡುತ್ತಿದ್ದರೆ ಅದನ್ನು ಬಿಡಿಸಿ ಸುಡಿ.

ಮಳೆ ಬಂದ ಮೇಲೆ, ಜೂನ್‌–ಜುಲೈಯಲ್ಲಿ, ಸಿಟ್ಟು ಬಂದು ಕತ್ತರಿಸುವವರೂ ಇದ್ದಾರೆ. ಹೂವು ಬರಬೇಕಾದ ಚಿಗುರನ್ನೇ ಕತ್ತರಿಸಿದ ಹಾಗೆ ಆಗುತ್ತದೆ. ಸಮಯ ತಪ್ಪಿದ್ದರೆ ಈ ವರ್ಷ ಬಿಟ್ಟುಬಿಡಿ.

ಇನ್ನೊಂದು ಕಾರಣ ನೀರು. ದ್ರಾಕ್ಷಿ ಪಡದ ಪಕ್ಕದಲ್ಲೇ ಬಾರೆ ಇದ್ದರೆ ಎರಡಕ್ಕೂ ಒಂದೇ ಡ್ರಿಪ್ ಓಡುತ್ತಿರುತ್ತದೆ. ಮಾರ್ಚ್, ಏಪ್ರಿಲ್ಲಿನಲ್ಲೂ ನೀರು ಸಿಕ್ಕರೆ ಗಿಡ ಮಲಗುವುದೇ ಇಲ್ಲ. ಎಲೆ ಹಸಿರಾಗೇ ಇರುತ್ತದೆ, ನೋಡಲು ಚೆಂದ. ಅದರ ಮೇಲೆ ಯೂರಿಯಾ ಬೇರೆ ಹಾಕಿದರೆ ನೀರುಗೊಂಬೆ ಎನ್ನುವ ಬರೀ ಸೊಂಪಿನ ಕೊಂಬೆಗಳು ಸೀದಾ ಮೇಲಕ್ಕೆ ಚಿಮ್ಮುತ್ತವೆ, ಕಾಯಿ ಇರುವುದಿಲ್ಲ. ಹಣ್ಣು ಮುಗಿದ ಮೇಲೆ ಬಾರೆಯ ಲೈನಿನ ವಾಲ್ವ್ ಬಂದ್ ಮಾಡಿ. ಬಂದ್ ಮಾಡಲು ಧೈರ್ಯ ಬರುವುದಿಲ್ಲ, ನಿಜ. ಸುತ್ತ 40 ಡಿಗ್ರಿ ಬಿಸಿಲು, ಎಲೆ ಹಳದಿಯಾಗಿ ಉದುರುತ್ತಿದೆ, ಯಾರಿಗಾದರೂ ಕರುಳು ಚುರ್ ಅನ್ನುತ್ತದೆ. ಗಿಡ ಸತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಉಗುರಿನಿಂದ ಕೊಂಬೆಯ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಅದು ವಿಶ್ರಾಂತಿಯಲ್ಲಿದೆ.

ಹೂವು ತುಂಬ ಇದೆ, ಕಾಯಿ ನಿಲ್ಲುತ್ತಿಲ್ಲ

ಮೊದಲು ಒಂದು ಮಾತು. ಬಾರೆ ಬಿಡುವ ಹೂವಿನಲ್ಲಿ ಬಹುಪಾಲು ಉದುರಲೇಬೇಕು. ಒಂದೊಂದು ಎಲೆಗಂಕುಳಲ್ಲಿ ಹೂವಿನ ಪುಟ್ಟ ಗೊಂಚಲು. ಅಷ್ಟೂ ಕಾಯಿಯಾದರೆ ಕೊಂಬೆಯೇ ಮುರಿಯುತ್ತದೆ. ಗೊಂಚಲಿಗೆ ಒಂದೋ ಎರಡೋ ಕಾಯಿ ನಿಂತರೂ ಒಳ್ಳೆಯ ಫಸಲೇ. ಏನೂ ನಿಲ್ಲದಿದ್ದರೆ ಮಾತ್ರ ಚಿಂತೆ ಮಾಡಬೇಕು.

ಆಗ ಗಿಡದ ಕೆಳಗೆ ಒಂದು ಹಳೆಯ ಪಂಚೆ ಹಾಸಿ, ಮರುದಿನ ಬಿದ್ದದ್ದನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ. ಬಿದ್ದದ್ದು ಬರೀ ಹೂವೋ, ಉಬ್ಬಿದ ಕಾಯೋ? ಹೂವಿನ ನಡುವಿನ ಗುಂಡು ಸ್ವಲ್ಪವೂ ಊದದೆ ಹಾಗೇ ಉದುರಿದ್ದರೆ ಪರಾಗ ಮುಟ್ಟಿಲ್ಲ. ಬಟಾಣಿಯಷ್ಟು ಆಗಿ ಉದುರಿದ್ದರೆ ಪರಾಗದ ತೊಂದರೆಯಲ್ಲ. ನೀರು, ಬೂದಿ ರೋಗ ಅಥವಾ ಹುಳ. ಈ ಒಂದು ನೋಟ ಅರ್ಧ ಕೆಲಸ ಮುಗಿಸುತ್ತದೆ.

ಪರಾಗದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ನೋಡುವುದಿಲ್ಲ. ಬಾರೆ ಹೂವು ತೀರಾ ಸಣ್ಣದು, ಹಳದಿ ಮಿಶ್ರಿತ ಹಸಿರು. ಭೂತಗನ್ನಡಿ ಹಿಡಿದರೆ ಐದು ಮೂಲೆಯ ನಕ್ಷತ್ರ. ಆ ಐದು ಮೂಲೆ ಪುಷ್ಪಪಾತ್ರೆಯ ದಳಗಳು. ಅವುಗಳ ನಡುವೆ ಚಿಕ್ಕ ಚಮಚದ ಆಕಾರದ ಐದು ಎಸಳು. ಒಂದೊಂದು ಎಸಳೂ ಒಂದೊಂದು ಕೇಸರವನ್ನು ಮುಚ್ಚಿ ಹಿಡಿದಿರುತ್ತದೆ. ಹೂವು ಅರಳಿದ ಮೇಲೆ ಎಸಳು ಕೇಸರದ ಸಮೇತ ಹೊರಕ್ಕೆ, ಕೆಳಕ್ಕೆ ಬಾಗುತ್ತದೆ. ನಡುವೆ ಜೇನು ಒಸರುವ ಹಳದಿ ತಟ್ಟೆ ಹೊಳೆಯುತ್ತದೆ. ಅದರ ಮಧ್ಯದಲ್ಲಿ ಎರಡಾಗಿ ಸೀಳಿದ ಶಲಾಕೆ, ಅಂದರೆ ಹೆಣ್ಣು ಭಾಗ. ಇಲ್ಲಿ ಗಂಡು ಮೊದಲು, ಹೆಣ್ಣು ಆಮೇಲೆ. ಕೇಸರ ಪರಾಗ ಚೆಲ್ಲುವ ಹೊತ್ತಿಗೆ ಅದೇ ಹೂವಿನ ಹೆಣ್ಣು ಭಾಗ ಇನ್ನೂ ತಯಾರಿರುವುದಿಲ್ಲ. ಅದು ತಯಾರಾಗುವ ಹೊತ್ತಿಗೆ ಪರಾಗ ಖಾಲಿ.

ಇಷ್ಟೇ ಅಲ್ಲ. ಕೆಲವು ತಳಿಯ ಹೂವು ಬೆಳಿಗ್ಗೆ ಅರಳುತ್ತದೆ, ಕೆಲವು ತಳಿಯದು ಮಧ್ಯಾಹ್ನ. ಒಂದು ತಳಿ ಪರಾಗ ಕೊಡುವಾಗ ಇನ್ನೊಂದು ಪಡೆಯಲು ಸಿದ್ಧವಿರುತ್ತದೆ. ಜೊತೆಗೆ ಹಲವು ತಳಿಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ, ಬಿದ್ದರೂ ಕಾಯಿ ಕಟ್ಟುವುದಿಲ್ಲ. ಈಗ ನಿಮ್ಮ ತೋಟ ನೆನಪು ಮಾಡಿಕೊಳ್ಳಿ. ಒಂದೇ ನರ್ಸರಿ, ಒಂದೇ ತಳಿ, ಎಲ್ಲ ಸಸಿಯ ಕಣ್ಣೂ ಒಂದೇ ಮೂಲ ಮರದಿಂದ ಬಂದದ್ದು. ಎರಡು ನೂರು ಗಿಡ ಇದ್ದರೂ ಹೂವಿನ ಲೆಕ್ಕದಲ್ಲಿ ಅದು ಒಂದೇ ಗಿಡ.

ಹೀಗಿದ್ದಾಗ ಯಾವ ಟಾನಿಕ್ಕೂ, ಯಾವ ಹಾರ್ಮೋನೂ ಮೂಲ ತೊಂದರೆ ಬಿಡಿಸುವುದಿಲ್ಲ. ತೋಟದಲ್ಲಿ ಎರಡನೇ ತಳಿ ಬೇಕು, ಎರಡೂ ಒಂದೇ ಕಾಲಕ್ಕೆ ಹೂವು ಬಿಡುವಂಥದ್ದು. ಹೊಸದಾಗಿ ಹಾಕುವವರು ಸಾಲಿನ ನಡುನಡುವೆ ಅದನ್ನು ಸೇರಿಸಿ. ಹಳೆಯ ತೋಟವಿದ್ದರೆ ಅಲ್ಲಲ್ಲಿ ಒಂದು ಗಿಡದ ಒಂದು ಕೊಂಬೆಗೆ ಬೇರೆ ತಳಿಯ ಕಣ್ಣು ಕೂಡಿಸಿ. ಯಾವ ತಳಿಗೆ ಯಾವುದು ಹೊಂದುತ್ತದೆ ಎಂಬುದನ್ನು ಮಾತ್ರ ತೋಟಗಾರಿಕೆಯವರನ್ನು ಕೇಳಿಯೇ ಮಾಡಿ. ಕೆಲವು ಜೋಡಿ ತಳಿಗಳು ಒಂದರ ಪರಾಗ ಇನ್ನೊಂದು ಒಪ್ಪುವುದಿಲ್ಲ.

ಪರಾಗ ಅಂಟಂಟು, ಭಾರ. ಗಾಳಿಗೆ ಹಾರುವುದಿಲ್ಲ. ಅದನ್ನು ಹೊತ್ತು ತರುವವು ಜೇನು, ಕಣಜ, ನೊಣ. ಮನೆ ನೊಣ ಕೂಡ ಈ ಹೂವಿಗೆ ಬರುತ್ತದೆ. ಹೂವಿನ ಕಾಲದಲ್ಲಿ ‘ಮುಂಜಾಗ್ರತೆಗೆ ಇರಲಿ’ ಎಂದು ಕೀಟನಾಶಕ ಹೊಡೆದರೆ ಇವೆಲ್ಲ ಸಾಯುತ್ತವೆ. ನನಗೆ ಅತಿ ಬೇಸರ ತರುವ ಸಂಗತಿ ಇದು. ಕಾಯಿ ಬರಲೆಂದು ದುಡ್ಡು ಕೊಟ್ಟು ಔಷಧ ತಂದು, ಕಾಯಿ ಕಟ್ಟಿಸುವ ಹುಳಗಳನ್ನೇ ಕೊಲ್ಲುತ್ತೇವೆ. ಹೂವಿರುವಾಗ ಪಂಪ್ ಕೆಳಗಿಡಿ.

ಬಟಾಣಿ ಗಾತ್ರದಲ್ಲಿ ಉದುರುವುದಕ್ಕೆ ಬಹಳ ಸಲ ನೀರಿನ ಕೊರತೆ ಕಾರಣ. ಬರದ ಗಿಡ ಎಂದು ಕಾಯಿ ಬೆಳೆಯುವಾಗಲೂ ಒಣಗಿಸಬಾರದು. ಹಿಂಗಾರಿ ಮಳೆ ಕೈಕೊಟ್ಟ ವರ್ಷ ಅಕ್ಟೋಬರ್, ನವೆಂಬರಿನಲ್ಲಿ ಹದ ನೋಡಿ ನೀರು ಕೊಡಿ. ಎರೆ ಭೂಮಿ ಬಿರುಕು ಬಿಡುವ ಮೊದಲೇ ಕೊಡಿ.

ಎಲೆ ಬೆಳ್ಳಗಾಗಿದೆ

ಹೊಸಬರು ಹೆಚ್ಚು ಗಾಬರಿಯಾಗುವುದು ಇಲ್ಲಿ. ಬಾರೆ ಎಲೆ ತಿರುಗಿಸಿದರೆ ಕೆಳಗೆಲ್ಲ ಬಿಳಿ. ಬೂದಿ ರೋಗ ಬಂತು ಎಂದು ಗಂಧಕ ಹೊಡೆಯಲು ಓಡುತ್ತಾರೆ. ಬಾರೆ ಎಲೆಯ ಅಡಿಭಾಗ ಹುಟ್ಟಿನಿಂದಲೇ ಬಿಳಿ. ಒತ್ತಾದ ಸಣ್ಣ ರೋಮ ಅಲ್ಲಿ ಹಾಸಿದ ಹಾಗೆ ಇರುತ್ತದೆ, ನೀರು ಬೇಗ ಆರಿ ಹೋಗದಂತೆ ಅದು ಕಾಯುತ್ತದೆ. ಅದರ ಮೇಲೆ ಬುಡದಿಂದ ಹೊರಟ ಮೂರು ನರಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ.

ಪರೀಕ್ಷೆ ಸುಲಭ. ಹೆಬ್ಬೆರಳಿನಿಂದ ತಿಕ್ಕಿ. ಬೆರಳಿಗೆ ಏನೂ ಹತ್ತದೆ ಎಲೆ ಹಾಗೇ ಬೆಳ್ಳಗಿದ್ದರೆ ಗಿಡ ಆರೋಗ್ಯವಾಗಿದೆ. ಹಿಟ್ಟಿನಂಥ ಪುಡಿ ಬೆರಳಿಗೆ ಬಂದರೆ ಬೂದಿ ರೋಗ. ರೋಗದ ಬಿಳಿ ಎಳೆ ಚಿಗುರು, ಎಲೆಯ ಮೇಲ್ಭಾಗ, ಎಳೆ ಕಾಯಿ, ಎಲ್ಲ ಕಡೆ ಹರಡುತ್ತದೆ. ಕಾಯಿಗೆ ಹತ್ತಿದರೆ ಸಿಪ್ಪೆ ಕಂದು ತಿರುಗಿ, ಒರಟಾಗಿ, ಬೆಳೆಯದೆ, ಕೊನೆಗೆ ಸೀಳಿ ಉದುರುತ್ತದೆ. ಮಳೆ ನಿಂತು ರಾತ್ರಿ ತಂಪಾಗುವ ಕಾಲ ಇದಕ್ಕೆ ಹೇಳಿ ಮಾಡಿಸಿದ್ದು.

ಇಲ್ಲಿ ಔಷಧ ಬೇಕೇ ಬೇಕು, ತಡ ಮಾಡಬಾರದು. ನೀರಿನಲ್ಲಿ ಕರಗುವ ಗಂಧಕ ಲೀಟರ್ ನೀರಿಗೆ 2 ಗ್ರಾಂನಂತೆ ಸಾಮಾನ್ಯವಾಗಿ ಬಳಸುತ್ತಾರೆ. ಸುಡುಬಿಸಿಲಲ್ಲಿ ಹೊಡೆದರೆ ಗಂಧಕ ಎಲೆ ಸುಡುತ್ತದೆ, ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ಹೊಡೆಯಿರಿ. ಗಿಡ ಒತ್ತಾಗಿ ಗಾಳಿ ಆಡದಿದ್ದರೆ ಎಷ್ಟು ಹೊಡೆದರೂ ಮತ್ತೆ ಬರುತ್ತದೆ. ಮತ್ತೆ ಮಾತು ಚಾಟ್ನಿಗೇ ಬಂದು ನಿಲ್ಲುತ್ತದೆ.

ಎಲೆಯ ಅಡಿಯಲ್ಲಿ ಮಸಿಯಂಥ ಕಪ್ಪು ಚುಕ್ಕೆ ಗುಂಪಾಗಿದ್ದರೆ ಅದು ಬೇರೆ, ಕಪ್ಪು ಎಲೆಚುಕ್ಕೆ ರೋಗ. ಉದುರಿದ ಎಲೆ ಗುಡಿಸಿ ಸುಡುವುದು ಮೊದಲ ಕೆಲಸ.

ಕಾಯಿ ಒಳಗೆ ಹುಳ

‘ಹುಳ’ ಎಂದರೆ ಸಾಲದು. ಯಾವ ಹುಳ ಎಂದು ಗೊತ್ತಾಗಬೇಕು, ಏಕೆಂದರೆ ಒಂದೊಂದಕ್ಕೂ ದಾರಿ ಬೇರೆ. ಹತ್ತಿಪ್ಪತ್ತು ಕಾಯಿ ಬೇರೆ ಬೇರೆ ಗಿಡದಿಂದ ಕಿತ್ತು, ನೆರಳಲ್ಲಿ ಕೂತು ಒಂದೊಂದೇ ಕೊಯ್ಯಿರಿ.

ತಿರುಳಿನಲ್ಲಿ ಕಾಲಿಲ್ಲದ, ತಲೆ ಎಲ್ಲಿ ಬಾಲ ಎಲ್ಲಿ ಎಂದು ತಿಳಿಯದ ಕೆನೆ ಬಿಳಿ ಹುಳ ಇದ್ದರೆ ಅದು ಹಣ್ಣು ನೊಣದ ಮರಿ. ಹೆಸರು ಕಾರ್ಪೊಮಿಯಾ ವೆಸುವಿಯಾನಾ, ಬಾರೆಯ ಅತಿ ದೊಡ್ಡ ಶತ್ರು. ತಾಯಿ ನೊಣ ಎಳೆ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗ ಬೆಳೆಯುವುದಿಲ್ಲ, ಸುತ್ತಲಿನದು ಬೆಳೆಯುತ್ತದೆ. ಹಾಗಾಗಿ ಕಾಯಿ ಸೊಟ್ಟಗಾಗಿ ಒಂದು ಕಡೆ ಗುಳಿ ಬೀಳುತ್ತದೆ. ಹೊರಗಿನಿಂದಲೇ ಗುರುತು ಸಿಗುವ ಲಕ್ಷಣ ಇದು.

ಕೆಂಪು ಛಾಯೆಯ, ತಲೆ ಮತ್ತು ಕಾಲು ಕಾಣುವ ಹುಳ, ಬೀಜದ ಸುತ್ತ ಕಪ್ಪು ಹಿಕ್ಕೆ ತುಂಬಿದ್ದರೆ ಕಾಯಿಕೊರಕ. ಇದು ಪತಂಗದ ಮರಿ.

ತಿರುಳು ಚೆನ್ನಾಗೇ ಇದೆ, ಆದರೆ ಕಾಯಿ ಬೆಳೆಯದೆ ಗುಂಡಗೆ, ಸಣ್ಣಗೆ ಉಳಿದಿದೆ ಎಂದರೆ ನಡುವಿನ ಗಟ್ಟಿ ಓಟೆಯನ್ನೇ ಒಡೆದು ನೋಡಿ. ಬಾರೆ ಓಟೆಯಲ್ಲಿ ಸಾಮಾನ್ಯವಾಗಿ ಎರಡು ಕೋಣೆ. ಅದರೊಳಗೆ ಬೀಜದ ಬದಲು ಹುಡಿ, ಒಂದು ಬಿಳಿ ಮರಿ ಇದ್ದರೆ ಅದು ಓಟೆ ಕೊರೆಯುವ ಮೂತಿಹುಳ. ಇಂಥ ಕಾಯಿಯನ್ನು ನೀರಿನ ಕೊರತೆ ಎಂದುಕೊಂಡು ಬಿಟ್ಟುಬಿಡುವುದೇ ಜಾಸ್ತಿ, ಯಾರೂ ಓಟೆ ಒಡೆಯುವುದಿಲ್ಲ.

ಹಣ್ಣು ನೊಣಕ್ಕೆ ಔಷಧಕ್ಕಿಂತ ನೇಗಿಲು ಮುಖ್ಯ. ಮರಿ ಬಲಿತ ಮೇಲೆ ಹಣ್ಣಿನಿಂದ ಹೊರಬಿದ್ದು ಗಿಡದ ಕೆಳಗಿನ ಮಣ್ಣಿನಲ್ಲಿ, ಮೇಲಿನ ಪದರದಲ್ಲೇ, ಕೋಶವಾಗಿ ಮಲಗುತ್ತದೆ. ಬೇಸಿಗೆಯಲ್ಲಿ ಗಿಡದ ಸುತ್ತ ಮಣ್ಣು ತಿರುವಿ ಹಾಕಿದರೆ ಬಿಸಿಲಿಗೆ ಸಾಯುತ್ತದೆ, ಉಳಿದದ್ದು ಹಕ್ಕಿಗೆ. ಹಂಗಾಮಿನಲ್ಲಿ ಉದುರಿದ ಕಾಯಿ ಒಂದೂ ನೆಲದಲ್ಲಿ ಉಳಿಯಬಾರದು. ತಿಪ್ಪೆಗೆ ಹಾಕಬೇಡಿ, ಅಲ್ಲೂ ಅದು ನೊಣವಾಗುತ್ತದೆ. ಆಳ ಗುಂಡಿ ತೋಡಿ ಮುಚ್ಚಿ.

ಈ ನೊಣ ಬಾರೆ ಕುಲದ ಗಿಡಗಳಲ್ಲೇ ಬದುಕುತ್ತದೆ. ಹಾಗಾದರೆ ನಿಮ್ಮ ತೋಟಕ್ಕೆ ಅದು ಎಲ್ಲಿಂದ ಬರುತ್ತದೆ? ಬದುವಿನ ಜವಾರಿ ಬಾರೆಯಿಂದ, ಹಳ್ಳದ ದಂಡೆಯ ಪೊದೆಯಿಂದ. ಶಿಫಾರಸು ನೋಡಿದರೆ ಅದನ್ನೆಲ್ಲ ಕಡಿಯಿರಿ ಎನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಜವಾರಿ ಬಾರೆ ಆಡಿಗೆ ಮೇವು, ಮಕ್ಕಳಿಗೆ ಹಣ್ಣು, ಮಣ್ಣು ಕೊಚ್ಚಿ ಹೋಗದಂತೆ ಒಡ್ಡು ಹಿಡಿಯುವ ಬೇರು. ತೋಟಕ್ಕೆ ತೀರಾ ಹತ್ತಿರ ಇರುವುದನ್ನು ಕಸಿ ಮಾಡಿ ಒಳ್ಳೆಯ ತಳಿ ಮಾಡಿಕೊಳ್ಳಿ, ಅದರ ಉದುರಿದ ಕಾಯನ್ನೂ ತೋಟದ ಕಾಯಿಯಂತೆಯೇ ಆರಿಸಿ. ಅಷ್ಟು ಮಾಡಲು ಆಗುವುದೇ ಇಲ್ಲ ಎಂದರೆ ಮಾತ್ರ ಕಡಿಯಿರಿ.

ಔಷಧ ಹೊಡೆಯಲೇಬೇಕಾದರೆ ಕಾಯಿ ಬಟಾಣಿಯಷ್ಟಿದ್ದಾಗ ಹೊಡೆಯಬೇಕು. ಮರಿ ಒಳಗೆ ಹೊಕ್ಕ ಮೇಲೆ ಹೊರಗಿನಿಂದ ಏನು ಮಾಡಿದರೂ ತಡ. ಯಾವುದು, ಎಷ್ಟು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದನ್ನು ಅಂಗಡಿಯವರಿಂದ ಕೇಳಬೇಡಿ, ತೋಟಗಾರಿಕೆಯವರಿಂದ ಕೇಳಿ. ಬಾರೆ ಸಿಪ್ಪೆ ಸಮೇತ ಹಸಿಯಾಗಿ ತಿನ್ನುವ ಹಣ್ಣು, ಜಾಸ್ತಿ ತಿನ್ನುವವರು ಮಕ್ಕಳು.

ಕೊಂಬೆ ಕವಲಿನಲ್ಲಿ ಕಂದು ಜಾಳಿಗೆ

ತೊಗಟೆಯ ಮೇಲೆ ಹಿಕ್ಕೆ ಮತ್ತು ಕಟ್ಟಿಗೆ ಹುಡಿ ಸೇರಿಸಿ ನೇಯ್ದ ಪಟ್ಟಿಯಂಥದ್ದು ಕಂಡರೆ ತೊಗಟೆ ತಿನ್ನುವ ಹುಳ. ಜಾಳಿಗೆ ಕೆರೆದು ತೆಗೆದರೆ ಕವಲಿನಲ್ಲಿ ತೂತು ಸಿಗುತ್ತದೆ. ತಂತಿ ತೂರಿಸಿ ಹುಳ ಚುಚ್ಚಿ ಕೊಲ್ಲಿ, ಸೀಮೆಎಣ್ಣೆಯಲ್ಲಿ ಅದ್ದಿದ ಅರಳೆ ತುರುಕಿ, ಹಸಿಮಣ್ಣಿನಿಂದ ಬಾಯಿ ಮುಚ್ಚಿ. ಹಳೆಯ, ನಿಗಾ ಇಲ್ಲದ ಗಿಡದಲ್ಲಿ ಇದು ಜಾಸ್ತಿ.

ಇಷ್ಟಾದರೂ ತಿಳಿಯದಿದ್ದರೆ

ಗಿಡದ ಸಮೇತ ಕೇಳಿ. ಫೋನಿನಲ್ಲಿ ‘ಎಲೆ ಕೆಟ್ಟೈತ್ರಿ’ ಎಂದರೆ ಯಾರಿಗೂ ಏನೂ ಹೇಳಲು ಬರುವುದಿಲ್ಲ. ವಿಜಯಪುರದವರಿಗೆ ಹಿಟ್ನಳ್ಳಿಯಲ್ಲಿ, ಬೆಳಗಾವಿ ಕಡೆಯವರಿಗೆ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬಾಗಲಕೋಟೆಯಲ್ಲಂತೂ 2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ. ಹೋಗುವಾಗ ಹೊಸ ಚಿಗುರು ಮತ್ತು ಹಳೆ ಕೊಂಬೆ ಎರಡೂ ಇರುವ ಒಂದು ಮೊಳದ ತುಂಡು, ಉದುರಿದ ಹೂವು ಅಥವಾ ಕಾಯಿ ಒಂದು ಹಿಡಿ, ಕೊಯ್ಯದ ಹತ್ತು ಕಾಯಿ ಕಾಗದದ ಚೀಲದಲ್ಲಿ ಒಯ್ಯಿರಿ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೆವೆತು ಕೊಳೆಯುತ್ತದೆ, ರೋಗ ಯಾವುದು ಕೊಳೆ ಯಾವುದು ತಿಳಿಯುವುದಿಲ್ಲ. ಕಸಿ ಉಬ್ಬಿನ ಫೋಟೊ ಹತ್ತಿರದಿಂದ ತೆಗೆದುಕೊಳ್ಳಿ. ಚಾಟ್ನಿ ಯಾವ ತಿಂಗಳು ಮಾಡಿದಿರಿ, ನೀರು ಯಾವಾಗ ನಿಲ್ಲಿಸಿದಿರಿ, ಈ ವರ್ಷ ಏನೇನು ಹೊಡೆದಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಮೊದಲು ಕೇಳುವ ಪ್ರಶ್ನೆಗಳು ಅವೇ.